ಇಕ್ಕಳದ ಹಲ್ಲು

ಬಚ್ಚಲಿನ ಬಾಗಿಲು ಮುಚ್ಚಿಕೊಂಡು, ಒಳಗೆ ನಲ್ಲಿ ತಿರುಗಿ, ಬಕೆಟ್ಟಿಗೆ ನೀರು ಬೀಳತೊಡಗಿದ ಮೇಲಷ್ಟೇ ಅವಳಿಗೆ ತಂಗಿ ನಿಜವಾಗಿಯೂ ಮನೆಗೆ ಬಂದಿದ್ದಾಳೆಂದು ನಂಬಿಕೆಯಾಯಿತು. ಅದಕ್ಕೆ ಮುಂಚೆ ಬಾಗಿಲಲ್ಲಿ ನಿಂತವಳನ್ನು ಕಣ್ಣಾರೆ ನೋಡಿದ್ದಳು. ಕೆನ್ನೆಯ ಮೇಲೆ ಹೆಲ್ಮೆಟ್ಟಿನ ಪಟ್ಟಿ ಒತ್ತಿದ ಗೆರೆ, ಹುಬ್ಬಿನವರೆಗೂ ಧೂಳು, ನಕ್ಕರೆ ಹಲ್ಲು ಮಾತ್ರ ಬೆಳ್ಳಗೆ. ‘ಮೊದಲು ಸ್ನಾನ ಅಕ್ಕಾ, ಆಮೇಲೆ ಮಾತು. ಮೈಯೆಲ್ಲ ಮಣ್ಣು, ಫೋನೂ ಸತ್ತಿದೆ’ ಎಂದು ಸೈಕಲ್ಲನ್ನು ಬಾಲ್ಕನಿಯ ಗೋಡೆಗೆ ಒರಗಿಸಿ, ತಂತಿಯ ಮೇಲಿದ್ದ ಟವೆಲನ್ನು ಎಳೆದುಕೊಂಡು ಪುಟ್ಟಿ ಅವಳ ಪಕ್ಕದಲ್ಲೇ ಹಾದುಹೋಗಿದ್ದಳು. ಬೆವರಿನ ವಾಸನೆ ಕೂಡ ಮೂಗಿಗೆ ಬಡಿದಿತ್ತು. ಆದರೂ ನಂಬಿಕೆ ಬಂದಿರಲಿಲ್ಲ. ಬೆಳಗಿನಿಂದ ಅವಳ ಮನಸ್ಸಿನೊಳಗೆ ಪುಟ್ಟಿ ಎಷ್ಟೋ ಸಲ ಮನೆಗೆ ಬಂದುಬಿಟ್ಟಿದ್ದಳು, ಪ್ರತಿಸಲವೂ ಯಾರೋ ಹೊತ್ತುಕೊಂಡು ತಂದಂತೆ. ಹಾಗೆ ಬಂದವಳು ಹೀಗೆ ಬಕೆಟ್ಟು ತುಂಬಿಸಿಕೊಳ್ಳುವುದಿಲ್ಲ, ಚೊಂಬು ಎಲ್ಲಿ ಎಂದು ಒಳಗಿನಿಂದ ಕೂಗುವುದಿಲ್ಲ ಎಂದು ಹೊಳೆದದ್ದೇ ಅವಳಿಗೆ ನಗು ಬಂತು. ನಗುತ್ತಲೇ ಬಾಲ್ಕನಿಯ ನೆಲದ ಮೇಲೆ, ಸೈಕಲ್ಲಿನ ಎದುರಿಗೇ, ಕುಳಿತುಬಿಟ್ಟಳು.

ಎಲ್ಲ ಶುರುವಾದದ್ದು ಅವಳ ಜಂಬದಿಂದಲೇ. ಪುಟ್ಟಿಯದು ಗುಡ್ಡ ಹತ್ತಿ ಇಳಿಯುವ ಸೈಕಲ್ಲು. ಅದಕ್ಕೆ ತಂತಿಯ ಬ್ರೇಕಿಲ್ಲ. ಹಿಡಿಯನ್ನು ಒತ್ತಿದರೆ ಸಣ್ಣ ಕಪ್ಪು ಪೈಪಿನೊಳಗಿನ ಎಣ್ಣೆ ಚಕ್ರದ ಹತ್ತಿರವಿರುವ ಎರಡು ಪ್ಯಾಡುಗಳನ್ನು ತಳ್ಳುತ್ತದೆ, ಅವೆರಡೂ ಸೇರಿ ಚಕ್ರದ ಉಕ್ಕಿನ ತಟ್ಟೆಯನ್ನು ಅವುಚಿ ಹಿಡಿಯುತ್ತವೆ. ಎಣ್ಣೆಯೊಳಗೆ ಗಾಳಿ ಸೇರಿತೆಂದರೆ ಹಿಡಿ ಮೆತ್ತಗಾಗಿ, ಒತ್ತಿದಷ್ಟೂ ಒಳಗೆ ಹೋಗುತ್ತದೆಯೇ ಹೊರತು ಚಕ್ರ ನಿಲ್ಲುವುದಿಲ್ಲ. ‘ಮುಂದಿನ ಬ್ರೇಕು ಸ್ಪಂಜಿನ ಹಾಗಾಗಿದೆ. ನಾಳೆ ಗುಡ್ಡಕ್ಕೆ ಹೋಗೋದಿದೆ, ಅಂಗಡಿಯವನು ನೋಡಿದ್ರೆ ಪುರಸೊತ್ತಿಲ್ಲ ಅಂತಾನೆ’ ಎಂದು ಪುಟ್ಟಿ ಮುಖ ಊದಿಸಿಕೊಂಡು ಹೇಳಿದಾಗ ಅವಳು ಆಗತಾನೆ ಆಸ್ಪತ್ರೆಯಿಂದ ಬಂದು ಕಾಲು ಚಾಚಿ ಕುಳಿತಿದ್ದಳು. ಕಿಡ್ನಿ ಸೋತವರ ರಕ್ತವನ್ನು ಹೊರಗೆ ತಂದು, ತೊಳೆದು, ಮತ್ತೆ ಒಳಗೆ ಬಿಡುವ ಯಂತ್ರಗಳನ್ನು ನಡೆಸುವುದು ಅವಳ ಕೆಲಸ. ಆ ಯಂತ್ರದ ಕೊಳವೆಯಲ್ಲಿ ಒಂದು ಗುಳ್ಳೆ ಉಳಿದರೂ ಜೀವಕ್ಕೆ ಸಂಚಕಾರ. ‘ಪೈಪಿನೊಳಗೆ ಗಾಳಿ ಸೇರಿದೆ, ಅಷ್ಟೇ ತಾನೆ?’ ಎಂದಳು ಅವಳು. ‘ಬೆಳಗಾದರೆ ನಾನು ಮಾಡೋದೇ ಅದನ್ನ. ಕೊಡಿಲ್ಲಿ.’ ಪುಟ್ಟಿ ‘ನೀನಾ?’ ಎಂದಿದ್ದಳು. ಆ ‘ನೀನಾ’ ಅವಳನ್ನು ಚುಚ್ಚಿತ್ತು. ಅಮ್ಮ ಹೋದಾಗ ಪುಟ್ಟಿಗೆ ಇನ್ನೂ ಜಡೆ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಆ ಜಡೆಯಿಂದ ಹಿಡಿದು ಜ್ವರ, ಫೀಸು, ಈಗಿನ ಕನ್ನಡಕದ ಅಂಗಡಿಯ ಕೆಲಸದ ತನಕ ಅಕ್ಕ ಕೈ ಹಾಕದ ಒಂದು ಸಂಗತಿ ಅವಳ ಬದುಕಿನಲ್ಲಿ ಇತ್ತೇ? ಅಕ್ಕ ಮಾಡಿದರೆ ಮುಗಿಯಿತು ಎಂದು ನೆಂಟರೆಲ್ಲ ಹೇಳುತ್ತಿದ್ದ ಮಾತನ್ನು ಅವಳು ಬೇಡ ಬೇಡವೆನ್ನುತ್ತಲೇ ತಲೆಯ ಮೇಲೆ ಹೊತ್ತು ತಿರುಗಿದವಳು.

ಹಾಗಾಗಿ ನಿನ್ನೆ ಸಂಜೆ ಬಾಲ್ಕನಿಯಲ್ಲಿ ಹಳೆಯ ಪೇಪರು ಹಾಸಿ, ಮುಂದಿನ ಚಕ್ರ ಬಿಚ್ಚಿಟ್ಟು, ಪ್ಯಾಡುಗಳಿಗೆ ಎಣ್ಣೆ ತಾಕದಂತೆ ಒಗೆದ ಬಟ್ಟೆಯಲ್ಲಿ ಸುತ್ತಿಟ್ಟು ಕುಳಿತಿದ್ದಳು. ಅವಳ ಗಂಡ ಒಳಗಿನಿಂದ ಇಣುಕಿ, ‘ಏನೇ, ಆಪರೇಷನ್ ಥಿಯೇಟರ್ರಾ? ಪೇಶೆಂಟಿನ ಕಡೆಯವರು ಸಹಿ ಹಾಕಿದಾರಾ?’ ಎಂದು ನಕ್ಕು ಹೋದ. ಹ್ಯಾಂಡಲಿನ ಹತ್ತಿರ ಹಿಡಿಯ ತಲೆಗೆ ಪುಟ್ಟ ಬಟ್ಟಲೊಂದನ್ನು ತಿರುಗಿಸಿ ಕೂರಿಸಿದಳು. ಕೆಳಗೆ ಪ್ಯಾಡು ಕೂರುವ ಜಾಗದ ತೂತಿಗೆ ಸಿರಿಂಜಿನ ಕೊಳವೆ ಸಿಕ್ಕಿಸಿ, ಸ್ಕ್ರೂ ಸಡಿಲಿಸಿ, ಹೊಸ ಎಣ್ಣೆಯನ್ನು ನಿಧಾನವಾಗಿ ಮೇಲಕ್ಕೆ ಒತ್ತಿದಳು. ಬಟ್ಟಲಿನಲ್ಲಿ ಮೊದಲು ಕಪ್ಪಾದ ಹಳೆಯ ಎಣ್ಣೆ, ಆಮೇಲೆ ಸಾಸಿವೆಯಷ್ಟು ಸಾಸಿವೆಯಷ್ಟು ಗುಳ್ಳೆಗಳು. ಪೈಪಿಗೆ ಉಗುರಿನಿಂದ ಟಕಟಕ ಬಡಿದರೆ ಅಂಟಿಕೊಂಡಿದ್ದ ಗುಳ್ಳೆಗಳೂ ಬಿಟ್ಟು ಮೇಲೇಳುತ್ತಿದ್ದವು, ಥೇಟು ವಾರ್ಡಿನಲ್ಲಿ ಏಳುವಂತೆಯೇ. ಗುಳ್ಳೆ ಪೂರ್ತಿ ನಿಂತ ಮೇಲೆ ಹಿಡಿ ಒತ್ತಿದರೆ ಕಲ್ಲು. ಪುಟ್ಟಿಯನ್ನು ಕರೆದು ಒತ್ತಿಸಿದ್ದಳು. ‘ಅಬ್ಬಾ!’ ಎಂದಿದ್ದಳು ಪುಟ್ಟಿ. ಆ ಒಂದು ಉದ್ಗಾರಕ್ಕೆ ಅವಳ ದಿನದ ದಣಿವೆಲ್ಲ ಎಲ್ಲಿಗೆ ಹೋಯಿತೋ. ರಾತ್ರಿ ಸುಖವಾಗಿ ನಿದ್ದೆ ಮಾಡಿದಳು. ಈಗ ನೆನೆದರೆ ಆ ನಿದ್ದೆಗೇ ನಾಚಿಕೆಯಾಗುತ್ತದೆ.

ಬೆಳಿಗ್ಗೆ ಪುಟ್ಟಿ ಎಲ್ಲರಿಗಿಂತ ಮುಂಚೆ ಎದ್ದು ಹೋಗಿದ್ದಳು. ಅಕ್ಕ ಬಾಲ್ಕನಿಯ ಪೇಪರು ಮಡಚಿ, ಸಾಮಾನು ಎತ್ತಿಡುವಾಗ ಇಕ್ಕಳ ಕೈಗೆ ಬಂತು. ಆಸ್ಪತ್ರೆಯಲ್ಲಿ ಬೇಡವೆಂದು ಬಿಸಾಡಿದ್ದನ್ನು ಎಷ್ಟೋ ಹಿಂದೆ ಮನೆಗೆ ತಂದಿಟ್ಟುಕೊಂಡಿದ್ದಳು. ತುದಿಯಲ್ಲಿ ಸಣ್ಣ ಸಾಲುಹಲ್ಲು, ಹಿಡಿಕೆಯಲ್ಲಿ ಕಚ್ಚಿ ನಿಲ್ಲುವ ಕೊಂಡಿ. ಆ ಹಲ್ಲುಗಳ ಸಂದಿಯಲ್ಲಿ ಕಪ್ಪು ಚೂರುಗಳು ಮೆತ್ತಿದ್ದವು. ಇದೇನು ಎಂದು ಬೆಳಕಿಗೆ ಹಿಡಿದಳು. ಬೆರಳಿನಿಂದ ಹೊಸಕಿ ನೋಡಿದಳು. ಆಮೇಲೆ ಗೊತ್ತಾಯಿತು, ಬ್ರೇಕಿನ ಪೈಪಿನ ಚೂರು. ತೆರೆದ ಕೊಳವೆಯನ್ನು ಇಕ್ಕಳದಿಂದ ಬಿಗಿಯದೆ ಕೈ ಬಿಡಬಾರದು ಎನ್ನುವುದು ಅವಳ ಕಸುಬಿನಲ್ಲಿ ಕಲಿಸುವ ಮೊದಲ ಪಾಠ. ಈಗ ಅದು ಪಾಠವಾಗಿ ಉಳಿದಿಲ್ಲ, ಕೈಯೇ ಆಗಿಹೋಗಿದೆ. ಸಿರಿಂಜನ್ನು ಕಳಚುವ ಮುಂಚೆ ಕೈ ತಾನಾಗಿ ಇಕ್ಕಳ ತೆಗೆದುಕೊಂಡು ಬ್ರೇಕಿನ ಪೈಪಿಗೇ ಹಾಕಿ ಟಕ್ ಟಕ್ ಎಂದು ಬಿಗಿದಿದೆ. ಸ್ಕ್ರೂ ತಿರುಗಿಸಿದ ಮೇಲೆ ತಾನಾಗಿಯೇ ಬಿಚ್ಚಿದೆ. ತಲೆಗೆ ಸುದ್ದಿಯೇ ಇಲ್ಲ. ವಾರ್ಡಿನ ಕೊಳವೆ ಮೆದು, ಎಷ್ಟು ಅದುಮಿದರೂ ಬಿಟ್ಟಕೂಡಲೇ ಮೊದಲಿನಂತಾಗುತ್ತದೆ. ಇದು ಬಿರುಸು ಪೈಪು. ಒಮ್ಮೆ ಕಚ್ಚಿಸಿಕೊಂಡರೆ ಕಚ್ಚಿಸಿಕೊಂಡಂತೆಯೇ. ಬಾಲ್ಕನಿಯಲ್ಲಿ ನಿಂತು ಒತ್ತಿದಾಗ ತಡೆದುಕೊಂಡದ್ದು ಗುಡ್ಡದ ಇಳಿಜಾರಿನಲ್ಲಿ, ಪುಟ್ಟಿ ಮೈಭಾರವನ್ನೆಲ್ಲ ಬಿಟ್ಟು ಹಿಡಿ ಒತ್ತಿದಾಗ, ತಡೆದುಕೊಂಡೀತೇ? ಅಲ್ಲೇ ಬಿರಿದು ಎಣ್ಣೆ ಚಿಮ್ಮಿದರೆ?

ಆಗ ಅವಳು ಮಾಡಿದ್ದನ್ನು ಯಾರೂ ನೋಡಲಿಲ್ಲ. ಗಂಡ ಹಲ್ಲುಜ್ಜುತ್ತಿದ್ದ. ಅವಳು ಮೊದಲು ಫೋನು ಎತ್ತಿಕೊಳ್ಳಲಿಲ್ಲ. ಮೊದಲು ಅಡುಗೆಮನೆಯ ಸಿಂಕಿಗೆ ಹೋಗಿ ಇಕ್ಕಳಕ್ಕೆ ಸ್ಪಿರಿಟ್ಟು ಸುರಿದು, ಸೂಜಿಯ ತುದಿಯಿಂದ ಒಂದೊಂದು ಹಲ್ಲಿನ ಸಂದಿಯನ್ನೂ ಕೆದಕಿ, ನಲ್ಲಿ ಬಿಟ್ಟು ತೊಳೆದಳು. ಹೊಳೆಯುವಂತೆ ಒರೆಸಿದಳು. ಡ್ರಾಯರಿನೊಳಗೆ, ಚಮಚಗಳ ಕೆಳಗೆ ಇಟ್ಟಳು. ಅಷ್ಟಾದ ಮೇಲೆ ಪುಟ್ಟಿಗೆ ಫೋನು ಮಾಡಿದಳು. ಅವಳ ಫೋನು ಸತ್ತು ಬಿದ್ದಿತ್ತು. ಗುಡ್ಡದ ಹತ್ತಿರ ಫೋನು ಸಿಗುವುದಿಲ್ಲವೆಂದು ಪುಟ್ಟಿ ಯಾವಾಗಲೂ ಹೇಳುತ್ತಿದ್ದಳು. ಮತ್ತೆ ಮಾಡಿದಳು, ಚಪ್ಪಲಿ ಹಾಕಿಕೊಳ್ಳುತ್ತ ಮಾಡಿದಳು, ಬಸ್ಸಿನಲ್ಲಿ ಕಂಬಕ್ಕೆ ಆತುಕೊಂಡು ಮಾಡಿದಳು. ‘ಬ್ರೇಕು ನಂಬಬೇಡ, ಇಳೀಬೇಡ’ ಎಂದು ಮೆಸೇಜು ಬರೆದಳು. ಅದು ಹೋಗಲೂ ಇಲ್ಲ, ಹೋಗುವುದಿಲ್ಲವೆಂದೂ ಹೇಳಲಿಲ್ಲ, ಸುಮ್ಮನೆ ಸುತ್ತುತ್ತಿತ್ತು. ಫೋನು ಮೊದಲೇ ಮಾಡಿದ್ದರೆ ಸಿಗುತ್ತಿತ್ತೇ? ತೊಳೆಯುವ ಆ ಹೊತ್ತಿನಲ್ಲಿ ಪುಟ್ಟಿ ಇನ್ನೂ ಊರಿನೊಳಗೇ ಇದ್ದಿರಬಹುದೇ? ಅದನ್ನು ಯೋಚಿಸಿದರೆ ಬಸ್ಸಿನ ಕಂಬವೇ ಕೈಗೆ ಬಿಸಿಯಾದಂತಾಗುತ್ತಿತ್ತು.

ವಾರ್ಡಿನಲ್ಲಿ ಎಂದಿನಂತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮೇಷ್ಟ್ರು ಬಂದು ಕುಳಿತಿದ್ದರು. ಶಾಲೆಯಿಂದ ನಿವೃತ್ತರಾಗಿ ಎಷ್ಟೋ ವರ್ಷವಾದರೂ ತೋಳು ಚಾಚುವ ರೀತಿಯಲ್ಲಿ ಇನ್ನೂ ಬೆತ್ತ ಹಿಡಿದವರ ಗತ್ತು. ‘ನಿಮ್ಮ ಕೈಗೆ ಕೊಟ್ಟಮೇಲೆ ನನಗೆ ನಿದ್ದೆ ಬಂದುಬಿಡುತ್ತಮ್ಮಾ’ ಎಂದು ಪ್ರತಿಸಲ ಹೇಳುವ ಮಾತನ್ನೇ ಹೇಳಿ ಕಣ್ಣು ಮುಚ್ಚಿದರು. ಅವಳು ಉಪ್ಪುನೀರು ಹಾಯಿಸಿ ಕೊಳವೆಯ ಗಾಳಿ ತೆಗೆದಳು. ಗುಳ್ಳೆ ಇಲ್ಲ. ಇಲ್ಲವೆಂದು ಕಣ್ಣು ಹೇಳಿದರೂ ಕೈ ಒಪ್ಪದೆ ಮತ್ತೆ ಹಾಯಿಸಿದಳು. ಉಪ್ಪುನೀರಿನ ಮತ್ತೊಂದು ಬಾಟಲಿ ತೆರೆದಳು. ಹಿರಿಯ ನರ್ಸಮ್ಮ ದೂರದಿಂದಲೇ, ‘ಏನು, ಹೊಸದಾಗಿ ಸೇರಿದವರ ಹಾಗೆ ಆಡ್ತಿದೀಯ ಇವತ್ತು? ಬಾಟಲಿಗಳೇನು ಮರದಲ್ಲಿ ಬಿಡ್ತಾವಾ?’ ಎಂದು ಎಲ್ಲರೆದುರಿಗೆ ಅಂದರು. ಕಲಿಯಲು ಬಂದಿದ್ದ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು. ಬೇರೆ ದಿನವಾಗಿದ್ದರೆ ಮುಖ ಗಂಟು ಹಾಕಿಕೊಳ್ಳುತ್ತಿದ್ದವಳಿಗೆ ಇವತ್ತು ಬೈಸಿಕೊಂಡದ್ದೇ ಹಿತವೆನಿಸಿತು. ಇನ್ನೂ ನಾಲ್ಕು ಮಾತು ಅನ್ನಬಾರದೇ ಎನ್ನಿಸಿತು. ‘ಮೇಷ್ಟ್ರೇ, ಇವತ್ತೊಂದಿನ ಮಲಗಬೇಡಿ’ ಎಂದಳು ಮೆಲ್ಲಗೆ. ‘ಸ್ವಲ್ಪ ಈ ಪೈಪಿನ ಮೇಲೆ ನೀವೂ ಕಣ್ಣಿಟ್ಟಿರಿ.’ ಅವರು ಒಂದೇ ಕಣ್ಣು ತೆರೆದು, ‘ಏನಮ್ಮಾ ಇದು? ಪರೀಕ್ಷೆಗೆ ಕೂತವನೇ ಮೇಲ್ವಿಚಾರಣೆನೂ ಮಾಡ್ಬೇಕಾ?’ ಎಂದು ಗೊರಕೆಗೇ ಇಳಿದರು. ಅವರ ಆ ನಂಬಿಕೆ ಕಂಡು ಅವಳಿಗೆ ಸಿಟ್ಟು ಬಂತು. ಯಾರು ಹೇಳಿದ್ದು ಇವರಿಗೆ ಹೀಗೆ ನಿಶ್ಚಿಂತೆಯಾಗಿ ತೋಳು ಚಾಚಿ ಮಲಗಲು? ಪಂಪು ತಿರುಗುತ್ತಿತ್ತು, ಅವರ ರಕ್ತ ಸುತ್ತು ಹಾಕುತ್ತಿತ್ತು, ಅವಳ ಕಣ್ಣೆದುರು ಮಾತ್ರ ಒಂದು ಕಪ್ಪು ಪೈಪು ಗುಡ್ಡದ ಮೇಲಿನಿಂದ ಕೆಳಗಿಳಿಯುತ್ತಿತ್ತು. ಅದಕ್ಕಿಂತ ಹೊಲಸು ಏನೆಂದರೆ, ಪುಟ್ಟಿಗೇನಾದರೂ ಆದರೆ ನೋಡಲು ಬರುವ ನೆಂಟರಿಗೆ ಹೇಳಬೇಕಾದ ಮಾತು ಆಗಲೇ ನಾಲಿಗೆಯ ಮೇಲೆ ಸಿದ್ಧವಾಗಿತ್ತು: ‘ಆ ಸೈಕಲ್ಲು ಬೇಡ ಬೇಡ ಅಂತ ಎಷ್ಟು ಬಡ್ಕೊಂಡೆ, ಕೇಳಿದ್ಲಾ?’ ಆ ಮಾತು ಎಷ್ಟು ಸಲೀಸಾಗಿ ಬಂದಿತೆಂದರೆ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಗಿ, ಕೈ ತೊಳೆಯುವ ನೆಪ ಮಾಡಿಕೊಂಡು ಹೋಗಿ ಮುಖಕ್ಕೆ ನೀರು ಹಾಕಿಕೊಂಡಳು. ಕನ್ನಡಿಯಲ್ಲಿದ್ದವಳು ಯಾವಾಗಿನ ಅಕ್ಕನಂತೆಯೇ ಇದ್ದಳು.

‘ಲೇ, ನೆಲದ ಮೇಲೆ ಯಾಕೆ ಕೂತಿದೀಯ?’ ಗಂಡ ಟೀ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ. ‘ತಂಗಿ ಬಂದ್ಲಲ್ಲ, ಇನ್ನಾದರೂ ನಗು. ಸಾಯಂಕಾಲದಿಂದ ಗೇಟಿಗೂ ಬಾಗಿಲಿಗೂ ಓಡಾಡಿ ನೆಲ ಸವೆಸಿಬಿಟ್ಟೆ.’

‘ಏನಿಲ್ಲ ರೀ. ಸುಮ್ನೆ.’

‘ನಿನ್ನ ಸುಮ್ನೆ ನಂಗೊತ್ತಿಲ್ವಾ? ಕುಡಿ, ಆರಿಹೋಗುತ್ತೆ’ ಎಂದು ಲೋಟವನ್ನು ಪಕ್ಕದಲ್ಲಿಟ್ಟು ಹೋದ. ಅವನಿಗೆ ಅವಳು ಏನನ್ನೂ ಹೇಳಿರಲಿಲ್ಲ. ಹೇಳಿದರೆ ಅವನು ನಗುತ್ತಿರಲಿಲ್ಲ ಎನ್ನುವುದೇ ಅವಳ ಭಯವಾಗಿತ್ತು.

ಬಚ್ಚಲಿನಲ್ಲಿ ನೀರಿನ ಸದ್ದು ನಿಂತು ಮತ್ತೆ ಶುರುವಾಯಿತು. ಪುಟ್ಟಿ ತಲೆಗೂ ಹಾಕಿಕೊಳ್ಳುತ್ತಿದ್ದಾಳೆ, ಇನ್ನೂ ಹೊತ್ತಿದೆ. ಸೈಕಲ್ಲು ಕೈಗೆಟಕುವಷ್ಟು ಹತ್ತಿರವಿದ್ದರೂ ಅವಳು ಇಷ್ಟು ಹೊತ್ತು ಆ ಪೈಪಿನ ಕಡೆ ಕಣ್ಣು ಹಾಯಿಸಿರಲಿಲ್ಲ. ಬಂದವಳು ಬಂದಾಯಿತು, ಇನ್ನು ನೋಡಿ ಆಗಬೇಕಾದ್ದೇನು? ಇವತ್ತೇ ಸದ್ದಿಲ್ಲದೆ ಅಂಗಡಿಗೆ ಕಳಿಸಿ ಪೈಪು ಬದಲಾಯಿಸಿಬಿಟ್ಟರೆ ಆ ಗುರುತನ್ನು ತಾನೂ ನೋಡದೆ ಬದುಕಬಹುದು. ಹಾಗೆಂದುಕೊಳ್ಳುತ್ತಲೇ ಅವಳ ಕೈ ಮುಂದಿನ ಚಕ್ರದ ಕಡೆ ಹೋಯಿತು. ಎಲ್ಲಿ ಕಚ್ಚಿಸಿದ್ದೆನೆಂದು ಕೈಗೆ ಗೊತ್ತಿತ್ತು, ಚಕ್ರದ ಹತ್ತಿರ ಪೈಪು ಬಾಗಿ ಮೇಲಕ್ಕೇಳುವ ಜಾಗದಲ್ಲಿ. ಧೂಳಿನ ಮೇಲೆ ಹೆಬ್ಬೆರಳು ಎಳೆದಳು. ನುಣುಪಾಗಿತ್ತು. ಇನ್ನೂ ಮೇಲೆ ಎಳೆದಳು, ಆ ಬದಿಗೂ ಈ ಬದಿಗೂ ಹೊರಳಿಸಿ ನೋಡಿದಳು. ಎಲ್ಲೂ ಹಲ್ಲಿನ ಗುರುತಿಲ್ಲ. ಹಾಗಾದರೆ ತಾನು ಕಚ್ಚಿಸಲೇ ಇಲ್ಲವೇ, ಇಡೀ ದಿನ ಇಲ್ಲದ ಭೂತಕ್ಕೆ ಹೆದರಿ ಸತ್ತೆನೇ ಎಂದು ಒಂದು ಕ್ಷಣ ತಲೆ ಹಗುರಾಗಿ ತೇಲಿದಂತಾಯಿತು. ಸೆರಗಿನ ತುದಿಯಿಂದ ಧೂಳನ್ನು ಪೂರ್ತಿ ಒರೆಸಿದಾಗ ಗೊತ್ತಾಯಿತು. ಪೈಪೇ ಬೇರೆ. ಹಳೆಯದು ಬಣ್ಣ ಮಾಸಿ ಅಲ್ಲಲ್ಲಿ ಉಜ್ಜಿಹೋಗಿತ್ತು. ಇದು ಈಗ ತಾನೆ ಅಂಗಡಿಯಿಂದ ಇಳಿದ ಹೊಸ ಕಪ್ಪು, ಹಿಡಿಯ ಹತ್ತಿರ ಅಳತೆಗಿಂತ ಕೊಂಚ ಉದ್ದವಾಗಿ ಸುತ್ತಿಕೊಂಡಿತ್ತು. ಅವಸರದಲ್ಲಿ ಕತ್ತರಿಸಿ ಹಾಕಿದವರ ಕೆಲಸ.

ಹಿಡಿ ಒತ್ತಿದಳು. ಕಲ್ಲು. ತನ್ನ ಕಲ್ಲಲ್ಲ, ಬೇರೆ ಯಾರದೋ ಕಲ್ಲು. ಹಾಗಾದರೆ ಪುಟ್ಟಿ ನೋಡಿದ್ದಾಳೆ. ಯಾವಾಗ ನೋಡಿದಳು, ಹೇಗೆ ನೋಡಿದಳು, ನೋಡಿ ಏನಂದುಕೊಂಡಳು? ಮುಖಕ್ಕೆ ಬಿಸಿ ಏರಿತು. ಕಲಿಯುವ ಹುಡುಗಿಯರ ನಗು, ನರ್ಸಮ್ಮನ ಮಾತು ಯಾವುದೂ ಇದರ ಮುಂದೆ ಏನಲ್ಲ. ಅವಮಾನವೇ ಇದು ಎಂದುಕೊಂಡು ಅದು ಚುಚ್ಚಲೆಂದು ಕಾದಳು. ಚುಚ್ಚಲಿಲ್ಲ. ಇದು ಅವಮಾನವಲ್ಲ, ನಿರಾಳ ಎಂದು ಅರಿವಾಗಲು ಅವಳಿಗೆ ಸ್ವಲ್ಪ ಹೊತ್ತೇ ಹಿಡಿಯಿತು.

ಬಚ್ಚಲ ಬಾಗಿಲು ತೆರೆಯಿತು. ಪುಟ್ಟಿ ತಲೆಗೆ ಟವೆಲು ಸುತ್ತಿಕೊಂಡು ಬಾಲ್ಕನಿಗೆ ಬಂದು, ಅಕ್ಕನ ಪಕ್ಕದಲ್ಲಿದ್ದ ಟೀ ಲೋಟವನ್ನು ಕೇಳದೆಯೇ ಎತ್ತಿ ಒಂದು ಗುಟುಕು ಕುಡಿದಳು.

‘ಹೇಗಿತ್ತೇ ಬ್ರೇಕು?’ ಎಂದಳು ಅವಳು, ತಲೆ ಎತ್ತದೆ.

‘ಬೆಣ್ಣೆ ಅಕ್ಕಾ! ಒಂದು ಬೆರಳು ಸಾಕು. ಅಲ್ಲಿದ್ದೋರೆಲ್ಲ ಯಾರು ಮಾಡಿದ್ದು ಯಾರು ಮಾಡಿದ್ದು ಅಂತ ಕೇಳಿದ್ದೇ ಕೇಳಿದ್ದು.’

‘ನೀನೇನಂದೆ?’

‘ಇನ್ನೇನನ್ನಲಿ? ನಮ್ಮಕ್ಕ ಅಂದೆ.’

ಪುಟ್ಟಿಗೆ ಸುಳ್ಳು ಹೇಳಲು ಚಿಕ್ಕಂದಿನಿಂದಲೂ ಬರುವುದಿಲ್ಲ, ಹೇಳುವಾಗ ದನಿ ತುಸು ಮೇಲೇರುತ್ತದೆ. ಅವಳು ಆ ಹೊಸ ಪೈಪನ್ನು ಎರಡು ಬೆರಳಲ್ಲಿ ಹಿಡಿದು ತಂಗಿಯ ಕಡೆ ತಿರುಗಿದಳು. ಪುಟ್ಟಿ ಲೋಟವನ್ನು ಬಾಯಿಂದ ತೆಗೆದಳು.

‘ಓ... ನೋಡ್ಬಿಟ್ಯಾ.’

‘ಯಾವಾಗ ಗೊತ್ತಾಯ್ತು ನಿಂಗೆ?’

‘ಬೆಳಿಗ್ಗೆ ಗೇಟಿನ ಹತ್ರಾನೇ. ಯಾರೋ ಕಡಿದ ಹಾಗಿತ್ತು. ಗುಡ್ಡದ ಕೆಳಗೆ ನಮ್ಮ ಸೈಕಲ್ ಅಂಗಡಿಯವನು ರಿಪೇರಿಗೆ ಅಂತ ಟೇಬಲ್ಲು ಹಾಕ್ಕೊಂಡು ಕೂತಿದ್ದ. ನಾಚಿಕೆ ಬಿಟ್ಟು ದುಂಬಾಲು ಬಿದ್ದು ಹಾಕಿಸ್ಕೊಂಡೆ.’ ಪುಟ್ಟಿ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತಳು. ‘ನಿಂಗೆ ಹೇಳಬಾರದು ಅಂತಾನೇ ಇದ್ದೆ. ನಿನ್ನೆ ಅಷ್ಟು ಖುಷಿಯಾಗಿದ್ದೆ ನೀನು. ಬೇಜಾರಾಯ್ತಾ?’

‘ನಾನೂ ಬೆಳಿಗ್ಗೇನೇ ನೋಡಿದೆ ಪುಟ್ಟಿ. ನನ್ನ ಇಕ್ಕಳದಲ್ಲಿ.’ ಅವಳು ಪೈಪನ್ನು ಕೈಬಿಟ್ಟಳು. ‘ನಿಂಗೆ ಫೋನ್ ಮಾಡೋಕ್ಕೆ ಮುಂಚೆ ಅದನ್ನ ತೊಳೆದಿಟ್ಟೆ ಕಣೇ. ಮೊದಲು ತೊಳೆದೆ. ಆಮೇಲೆ ಫೋನ್ ಮಾಡಿದೆ.’

ಪುಟ್ಟಿ ಅವಳ ಮುಖವನ್ನೇ ನೋಡಿದಳು. ಒಳಗೆ ಗಂಡ ಏನೋ ಗುನುಗುತ್ತ ಪಾತ್ರೆ ಸರಿಸುವ ಸದ್ದಾಯಿತು. ಬೀದಿಯಲ್ಲಿ ಯಾರದೋ ಸ್ಕೂಟರು ಸ್ಟಾರ್ಟಾಗಲು ಒದ್ದಾಡಿ ಕೊನೆಗೂ ಹೊರಟಿತು.

‘ಅದಕ್ಕೇನೀಗ?’ ಎಂದಳು ಪುಟ್ಟಿ. ‘ನಾನಾಗಿದ್ರೂ ತೊಳೀತಿದ್ದೆ. ನಾನು ಮಾತ್ರ ಸಾಚಾನಾ? ನೀನು ಆರಿಸಿದ ಗ್ಯಾಸು ನಾನು ಮತ್ತೆ ಹೋಗಿ ನೋಡ್ತೀನಿ, ಗೊತ್ತಾ? ನೀನು ಹಾಕಿದ ಬೀಗ ಎಳೆದು ನೋಡ್ತೀನಿ. ಸ್ಕೂಲಿಗೆ ಹೋಗುವಾಗ ನೀನು ತುಂಬಿಸಿದ ಬ್ಯಾಗು ಮೆಟ್ಟಿಲ ಮೇಲೆ ಬಿಚ್ಚಿ ಮತ್ತೆ ತುಂಬಿಸ್ಕೋತಿದ್ದೆ. ನಿಂಗೆ ಬೇಜಾರಾಗುತ್ತೆ ಅಂತ ಹೇಳಿಲ್ಲ ಅಷ್ಟೇ.’

‘ಯಾವತ್ತಿಂದ?’

‘ಯಾವತ್ತಿಂದಲೂ. ನಿಂಗೆ ತಲೆ ತುಂಬ ಕೆಲಸ ಅಕ್ಕಾ. ಅದು ನಂಗೆ ಆಗ್ಲೇ ಗೊತ್ತಾಗ್ತಿತ್ತು.’

ಇಷ್ಟು ವರ್ಷ ಈ ಹುಡುಗಿಯ ಬದುಕೆಲ್ಲ ತನ್ನ ಎರಡು ಕೈಯ ಮೇಲೇ ನಿಂತಿದೆ, ತಾನು ಎಲ್ಲಿ ತಪ್ಪಿದರೂ ಇವಳು ಬಿದ್ದಳು ಎಂದುಕೊಂಡೇ ಅವಳು ಎದ್ದದ್ದು, ಮಲಗಿದ್ದು. ಎಷ್ಟು ಜ್ವರದ ರಾತ್ರಿಗಳು, ಬಾಗಿಲು ಹಾಕಿದೆನೋ ಇಲ್ಲವೋ ಎಂದು ಎಷ್ಟು ಸಲ ಅರ್ಧ ದಾರಿಯಿಂದ ತಿರುಗಿ ಬಂದಳು. ಅಷ್ಟೂ ದಿನ ಹಿಂದಿನಿಂದ ಇನ್ನೊಂದು ಜೊತೆ ಕೈ ಬಂದು, ಅವಳು ಹಾಕಿದ್ದನ್ನೆಲ್ಲ ಎಳೆದು ನೋಡಿ ಹೋಗುತ್ತಿತ್ತು. ಪುಟ್ಟಿ ಅವಳನ್ನು ನಂಬಿರಲಿಲ್ಲ. ಸದ್ಯ, ನಂಬಿರಲಿಲ್ಲ! ನಂಬಿದ್ದಿದ್ದರೆ ಇವತ್ತು ಇಲ್ಲಿ ಕುಳಿತು ನನ್ನ ಟೀ ಕುಡಿಯುತ್ತಿದ್ದಳೇ? ಕಣ್ಣಿನಿಂದ ನೀರು ಇಳಿಯಿತು, ಇಳಿಯುತ್ತಿರುವುದು ಗೊತ್ತಾಗಿಯೂ ಅವಳು ಒರೆಸಿಕೊಳ್ಳಲಿಲ್ಲ. ಇಷ್ಟು ಸುಖವಾಗಿ ಅತ್ತ ನೆನಪು ಅವಳಿಗಿರಲಿಲ್ಲ.

‘ಅಯ್ಯೋ, ಅಳ್ತಾಳೆ ನೋಡು’ ಎಂದು ಪುಟ್ಟಿ ತಲೆಗೆ ಸುತ್ತಿದ್ದ ಒದ್ದೆ ಟವೆಲನ್ನೇ ಬಿಚ್ಚಿ ಅವಳ ಮುಖಕ್ಕೆ ಒತ್ತಿದಳು. ಆಮೇಲೆ ಸೈಕಲ್ಲಿನ ಹಿಂದಿನ ಚಕ್ರದ ಕಡೆ ಗದ್ದ ಚಾಚಿ, ‘ಹಿಂದಿನದೂ ಮೆತ್ತಗಾಗ್ತಾ ಇದೆ ಅಕ್ಕಾ. ನಿನ್ನ ರಜೆ ದಿನ ಅದನ್ನೂ ಮಾಡಿಕೊಡು’ ಎಂದಳು.

‘ನಾನಾ? ಇಷ್ಟೆಲ್ಲ ಆದ್ಮೇಲೂ?’

‘ಹೂಂ, ನೀನೇ. ಗಾಳಿ ತೆಗೆಯೋದರಲ್ಲಿ ನೀನು ಅಂಗಡಿಯವನಿಗಿಂತ ಚೆನ್ನಾಗಿದೀಯ. ಅವನೇ ಹೇಳಿದ, ಹಳೆ ಪೈಪು ಬಿಚ್ಚುವಾಗ ಒಂದು ಗುಳ್ಳೆನೂ ಬರಲಿಲ್ವಂತೆ.’ ದನಿ ಮೇಲೇರಿರಲಿಲ್ಲ. ‘ನೀನು ಮಾಡು. ಆಮೇಲೆ ನಾನು ನೋಡ್ತೀನಲ್ಲ.’

ಅವಳು ಟವೆಲನ್ನು ಮುಖದಿಂದ ತೆಗೆದು ತಂಗಿಯನ್ನು ನೋಡಿದಳು.

‘ನೋಡು’ ಎಂದಳು. ‘ಚೆನ್ನಾಗಿ ನೋಡು.’